ನೇರಳೆ ಶಾಯಿಯ ಭಾನುವಾರಗಳು

ದೊಡ್ಡಬಳ್ಳಾಪುರದಲ್ಲಿ ನಾನು ಹೈಸ್ಕೂಲು ಮೇಷ್ಟರಾಗಿದ್ದಾಗ ನಮ್ಮ ಬೀದಿಯಲ್ಲಿ ದಿನಪತ್ರಿಕೆ ತರಿಸುತ್ತಿದ್ದವನು ನಾನೊಬ್ಬನೇ. ಹೆಮ್ಮೆಯಿಂದ ಹೇಳುವ ಮಾತಲ್ಲ ಇದು. ಉಳಿದವರ ಮನೆಯಲ್ಲಿ ಮಗ್ಗವಿತ್ತು, ಮಕ್ಕಳಿದ್ದರು, ಬಾವಿಕಟ್ಟೆಯಲ್ಲಿ ಜಗಳವಾಡುವುದಕ್ಕೆ ಅಕ್ಕಪಕ್ಕದವರಿದ್ದರು. ನನಗಿದ್ದದ್ದು ಪತ್ರಿಕೆ. ಬೆಳಗಿನ ರೈಲಿನಲ್ಲಿ ಬೆಂಗಳೂರಿನಿಂದ ಬರುವ ಕಟ್ಟನ್ನು ಬಿಚ್ಚುವ ಮೊದಲೇ ಸ್ಟೇಷನ್ನಿಗೆ ಹೋಗಿ ನಿಂತಿರುತ್ತಿದ್ದೆ. ಸ್ಟೇಷನ್ನಿನ ಪೋರ್ಟರು, "ಏನ್ ಮೇಷ್ಟ್ರೇ, ನೆಂಟ್ರು ಬರ್ತಾವ್ರಾ?" ಎಂದು ಕೇಳುತ್ತಿದ್ದ. "ಇಲ್ಲಪ್ಪ, ಪೇಪರ್ರು" ಎನ್ನುತ್ತಿದ್ದೆ. ಮಾರನೆಯ ದಿನವೂ ಅದನ್ನೇ ಕೇಳುತ್ತಿದ್ದ, ನಾನೂ ಅದನ್ನೇ ಹೇಳುತ್ತಿದ್ದೆ. ಎಷ್ಟೋ ದಿನ ಶಾಲೆಯ ಹೊರಗೆ ನಾನು ಆಡಿದ ಮಾತು ಅದೊಂದೇ.

ನನ್ನ ಹೆಂಡತಿ ತೀರಿಕೊಂಡ ಮೇಲೆ ಹೊಸಕೋಟೆಯಲ್ಲಿ ಇರುವುದಕ್ಕೆ ನನ್ನಿಂದ ಆಗಲಿಲ್ಲ. ಕಂಡವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ಅಯ್ಯೋ ಪಾಪ ಎನ್ನಿಸಿಕೊಂಡು ಪಾಠ ಮಾಡುವುದು ಕಷ್ಟ. ಯಾರ ಪರಿಚಯವೂ ಇಲ್ಲದ ಊರಾದರೆ ಸಾಕೆಂದು ವರ್ಗ ಕೇಳಿಕೊಂಡವನು ನಾನೇ. ಬಂದ ಮೇಲೆ, ಈ ಊರಿನಲ್ಲಿ ಒಬ್ಬರೂ ಮಾತಾಡಿಸುವುದಿಲ್ಲವಲ್ಲ ಎಂದು ಸಿಟ್ಟು ಮಾಡಿಕೊಂಡವನೂ ನಾನೇ. ಅವರಾದರೂ ಏನು ಮಾತಾಡಿಸಬೇಕು? ಬೀದಿಯ ಎರಡೂ ಕಡೆ ನೇಕಾರರ ಮನೆಗಳು. ಬೆಳಕು ಹರಿದಾಗ ಶುರುವಾದ ಮಗ್ಗದ ಸದ್ದು ಕತ್ತಲಾಗುವವರೆಗೆ ನಿಲ್ಲುತ್ತಿರಲಿಲ್ಲ. ನಾನು ಬಾಡಿಗೆಗಿದ್ದ ಕೋಣೆಯೂ ಒಂದು ನೇಕಾರರ ಮನೆಯ ಮುಂಭಾಗವೇ. ಮನೆಯಾಕೆ ದಿನಕ್ಕೊಮ್ಮೆ ಬಾಗಿಲಲ್ಲಿ ಹಣಕಿ, "ಊಟ ಆಯ್ತಾ ಮೇಷ್ಟ್ರೇ?" ಎನ್ನುವರು. ಉತ್ತರಕ್ಕೆ ಕಾಯದೆ ಹೋಗಿ ಮಗ್ಗದಲ್ಲಿ ಕೂರುವರು. ತಪ್ಪೇನಿಲ್ಲ, ಅವರ ಹೊಟ್ಟೆಪಾಡು ಅದು. ಆದರೂ ಒಂದು ಸಲವಾದರೂ "ಇಲ್ಲಮ್ಮ, ಆಗಿಲ್ಲ" ಎನ್ನಬೇಕೆಂದು ನನಗೆ ಆಸೆಯಿತ್ತು.

ಯುದ್ಧದ ವರ್ಷಗಳು ಅವು. ಕಾಗದಕ್ಕೆ ಬರ ಬಂದು ಪತ್ರಿಕೆ ಬಡಕಲಾಗಿತ್ತು. ಮಾಡುವುದಕ್ಕೆ ಬೇರೆ ಕೆಲಸವಿಲ್ಲದ ನಾನು ಕೂದಲೆಣ್ಣೆಯ ಜಾಹೀರಾತನ್ನೂ ಬಿಡದೆ ಓದುತ್ತಿದ್ದೆ. ಆ ಪತ್ರಿಕೆಯಲ್ಲಿ ವಾರಕ್ಕೊಂದು ಅರ್ಥಶಾಸ್ತ್ರದ ಲೇಖನ ಬರುತ್ತಿತ್ತು. ಬರೆಯುತ್ತಿದ್ದವರು ಕಾಲೇಜಿನಿಂದ ನಿವೃತ್ತರಾದ ಒಬ್ಬ ಅಧ್ಯಾಪಕರು. ಬೆಲೆ ಯಾಕೆ ಏರುತ್ತದೆ, ಸರ್ಕಾರ ಸಾಲ ಎತ್ತಿದರೆ ಅದನ್ನು ಕೊನೆಗೆ ತೀರಿಸುವವರು ಯಾರು, ಸೀಮೆಎಣ್ಣೆಗೆ ಕಂಟ್ರೋಲು ಬಂದ ದಿನವೇ ಅಂಗಡಿಯಲ್ಲಿ ಸೀಮೆಎಣ್ಣೆ ಮಾಯವಾಗುವುದು ಹೇಗೆ, ಇಂಥವನ್ನು ಮನೆಯ ಜಗಲಿಯಲ್ಲಿ ಕೂತು ಹೇಳಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದರು. ಓದುವಾಗ ಪಕ್ಕದಲ್ಲಿ ಯಾರೋ ಇದ್ದಾರೆ ಎನ್ನಿಸುತ್ತಿತ್ತು. ಆ ಕಾರಣಕ್ಕೇ ನಾನು ಅದನ್ನು ಎರಡೆರಡು ಸಲ ಓದುತ್ತಿದ್ದೆ.

ಮನೆಯಾಕೆಯ ತಂಗಿಯ ಮಗ ಬೆಂಗಳೂರಿನಲ್ಲಿ ಬಿ.ಎ. ಓದುತ್ತಿದ್ದ. ಎತ್ತರದ ಹುಡುಗ, ನಮ್ಮ ಕೋಣೆಯ ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕು. ವಾರವೆಲ್ಲ ಮಲ್ಲೇಶ್ವರದ ಹಾಸ್ಟೆಲಿನಲ್ಲಿದ್ದು ಶನಿವಾರ ಸಂಜೆಯ ರೈಲಿಗೆ ಊರಿಗೆ ಬರುತ್ತಿದ್ದ. ಒಂದು ಭಾನುವಾರ ದೊಡ್ಡಮ್ಮನನ್ನು ನೋಡಲು ಬಂದವನು ನನ್ನ ಮೇಜಿನ ಮೇಲಿದ್ದ ಲೇಖನವನ್ನು ಎತ್ತಿಕೊಂಡು ನಿಂತಲ್ಲೇ ಓದಿ ಮುಗಿಸಿದ.

"ಸಾರ್, ಇದನ್ನೇ ನಮ್ಗೆ ಒಂದು ಟರ್ಮ್ ಪೂರ್ತಿ ಇಂಗ್ಲೀಷಲ್ಲಿ ಹೇಳವ್ರೆ. ಒಂದಕ್ಷರ ತಲೆಗೆ ಹೋಗಿರ್ಲಿಲ್ಲ. ಈಗ ಗೊತ್ತಾಯ್ತು ನೋಡಿ!"

ಪಠ್ಯಪುಸ್ತಕ ಇಲ್ಲವೇ ಎಂದು ಕೇಳಿದೆ. ವಿಲಾಯತಿಯಿಂದ ಹಡಗು ಬಂದರೆ ತಾನೇ ಪುಸ್ತಕ, ಎಂದ. ಇಡೀ ಕ್ಲಾಸಿಗೆ ಲೈಬ್ರರಿಯಲ್ಲಿದ್ದದ್ದು ಒಂದೇ ಪ್ರತಿಯಂತೆ, ಅದರಲ್ಲೂ ಬೇಕಾದ ಹಾಳೆಗಳನ್ನು ಯಾರೋ ಪುಣ್ಯಾತ್ಮ ಹರಿದುಕೊಂಡಿದ್ದನಂತೆ. ಮುಂದಿನ ಭಾನುವಾರ ಅವನು ಇನ್ನಿಬ್ಬರನ್ನು ಕರೆತಂದ. ಅದರ ಮುಂದಿನ ವಾರ ನನ್ನ ಚಾಪೆ ಸಾಲದೆ ಮನೆಯಾಕೆಯಿಂದ ಜಮಖಾನ ತರಿಸಬೇಕಾಯಿತು.

ಪತ್ರಿಕೆ ಒಂದು, ಕೈ ಹಲವು. ಹಳೆಯ ಲೇಖನಗಳೂ ಬೇಕು, ಹಾಸ್ಟೆಲಿನ ಗೆಳೆಯರಿಗೂ ಬೇಕು. ಆಗ ನಮ್ಮ ಶಾಲೆಯ ಜೆಲ್ಲಿ ತಟ್ಟೆ ನೆನಪಾಯಿತು. ಪ್ರಶ್ನೆಪತ್ರಿಕೆ ಮಾಡುವುದಕ್ಕೆ ಇಟ್ಟುಕೊಂಡಿದ್ದ ಸಾಧನ ಅದು. ನೇರಳೆ ಬಣ್ಣದ ವಿಶೇಷ ಶಾಯಿಯಲ್ಲಿ ಒಂದು ಹಾಳೆ ಬರೆದು, ತಟ್ಟೆಯಲ್ಲಿ ಹೆಪ್ಪುಗಟ್ಟಿದ ಮೆತ್ತನೆಯ ಜೆಲ್ಲಿಯ ಮೇಲೆ ಒತ್ತಿ ತೆಗೆದರೆ ಅಕ್ಷರ ಅದರಲ್ಲಿ ಇಳಿಯುತ್ತದೆ. ಮೇಲೆ ಒಂದೊಂದೇ ಖಾಲಿ ಹಾಳೆ ಹಾಸಿ ಸವರಿದರೆ ಪ್ರತಿಗಳು ಬರುತ್ತವೆ, ಮಾಸುತ್ತ ಮಾಸುತ್ತ. ಹೆಡ್ ಮಾಸ್ಟರನ್ನು ಕೇಳಿ ಶನಿವಾರ ತಟ್ಟೆ ತಂದೆ. ಯಾತಕ್ಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಟ್ಟೆ ಚಿಕ್ಕದು, ಲೇಖನ ದೊಡ್ಡದು, ಕಾಗದವೋ ಚಿನ್ನ. ಹಾಗಾಗಿ ಮೇಲಿನ ತಲೆಬರಹವನ್ನೂ ಬರೆದವರ ಹೆಸರನ್ನೂ ಬಿಟ್ಟು ನೇರವಾಗಿ ವಿಷಯಕ್ಕೇ ಹೋದೆ. ಯಾರದೆಂದು ಅಲ್ಲಿದ್ದವರಿಗೆಲ್ಲ ಗೊತ್ತೇ ಇತ್ತಲ್ಲ.

ಸವರುವ ಕೆಲಸ ಎತ್ತರದ ಹುಡುಗನದು. ನೇಯ್ಗೆಯವರ ಮನೆಯ ಕೈ, ಹಾಳೆ ಒಂದು ಎಳೆ ಅತ್ತಿತ್ತ ಆಗುತ್ತಿರಲಿಲ್ಲ. ತಟ್ಟೆಗೆ ಒತ್ತುವ ಮೊದಲು ಮೂಲ ಹಾಳೆಯ ಕೆಳಮೂಲೆಯಲ್ಲಿ ಅವನು ಏನೋ ಬರೆದದ್ದನ್ನು ಕಂಡೆ. ನನ್ನ ಹೆಸರಿನ ಎರಡಕ್ಷರ, ಅದರ ಕೆಳಗೆ ಊರಿನ ಹೆಸರು.

"ಇದ್ಯಾಕಪ್ಪ?"

"ಗುರುತು ಬೇಡ್ವಾ ಸಾರ್? ಯಾವ ಮನೆ ಮಗ್ಗದಿಂದ ಇಳೀತು ಅಂತ ಗೊತ್ತಾಗ್ಬೇಕಲ್ಲ."

ಆ ಬೀದಿಯ ಪದ್ಧತಿ ಹಾಗೆ. ಸೀರೆಯ ಬುಟ್ಟಾ ಯಾರದೋ ಇರಲಿ, ಅಂಚನ್ನು ಯಾರೇ ಹೇಳಿಕೊಟ್ಟಿರಲಿ, ನೂಲು ಸಾಹುಕಾರನದೇ ಆಗಿರಲಿ, ನೇಯ್ದು ಇಳಿಸಿದ ಮನೆಯವರು ಕೊನೆಯ ಮೂಲೆಯಲ್ಲಿ ಎರಡು ಬಣ್ಣದ ಎಳೆ ಹಾಕಿ ತಮ್ಮ ಗುರುತು ಬಿಡುತ್ತಿದ್ದರು. ಹೊಗಳಿಕೆಗಲ್ಲ, ಎಳೆ ಬಿಟ್ಟರೆ, ಬಣ್ಣ ಹೋದರೆ, ಬಂದು ಬೈಯುವುದಕ್ಕೆ ಒಂದು ಮನೆ ಬೇಕು. ಗುರುತಿಲ್ಲದ ಬಟ್ಟೆ ಕದ್ದ ಬಟ್ಟೆ. ಆ ಹುಡುಗನ ಲೆಕ್ಕದಲ್ಲಿ ನನ್ನ ಕೋಣೆಯೂ ಬೀದಿಯ ಮನೆಗಳಲ್ಲಿ ಒಂದಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಕಣ್ಣು ತುಂಬಿ ಬಂತು. ಶಾಯಿ ತೊಳೆದುಕೊಳ್ಳುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಬಂದೆ.

ಆ ಭಾನುವಾರಗಳನ್ನು ನೆನೆದರೆ ನನಗೆ ಈಗಲೂ ಮೈ ಬೆಚ್ಚಗಾಗುತ್ತದೆ. ನಾನು ಲೇಖನವನ್ನು ಗಟ್ಟಿಯಾಗಿ ಓದುವುದು, ಅವರು ತಡೆದು ಕೇಳುವುದು, ಕೇಳಿದ್ದಕ್ಕೆ ಅವರಲ್ಲೇ ಒಬ್ಬ ಉತ್ತರ ಹೇಳಿ ಉಳಿದವರು ಅವನ ಮೇಲೆ ಬೀಳುವುದು. ನೂಲಿನ ಕಂಟ್ರೋಲಿನ ಮೇಲಿನ ಲೇಖನ ಬಂದ ದಿನವಂತೂ ಗದ್ದಲವೋ ಗದ್ದಲ. "ಲೋ, ಬರ್ದಿರೋರು ಒಂದಿನ ನಮ್ಮಪ್ಪನ ಜೊತೆ ನೂಲಿನ ಕ್ಯೂನಲ್ಲಿ ನಿಂತ್ಕೊಳ್ಳಿ, ಆಮೇಲೆ ಬರೀಲಿ ಕಣೋ!" ಎಂದು ಒಬ್ಬ ಎದ್ದೇ ನಿಂತ. ಮಗ್ಗ ನಿಲ್ಲಿಸಿ ಬಂದ ಮನೆಯಾಕೆ, "ಹೊಡ್ದಾಡ್ತಾವ್ರೇನೋ ಅಂದ್ಕೊಂಡೆ" ಎಂದು ನಕ್ಕು, ಎಲ್ಲರಿಗೂ ಹುರಿಗಾಳು ಕೊಟ್ಟುಹೋದರು. ನಾನು ಸೋಮವಾರದಿಂದಲೇ ಭಾನುವಾರಕ್ಕೆ ಕಾಯುತ್ತಿದ್ದೆ. ಹೆಂಡತಿ ಹೋದ ಮೇಲೆ ನಾನು ಯಾವುದಕ್ಕಾದರೂ ಕಾದದ್ದು ಅದೇ ಮೊದಲು.

ಹುಡುಗರು ಪ್ರತಿಗಳನ್ನು ಹಾಸ್ಟೆಲಿಗೆ ಒಯ್ದರು. ಹಾಸ್ಟೆಲಿನಿಂದ ಕಾಲೇಜಿಗೆ ಹೋದವು. ಕಾಲೇಜಿನಿಂದ ಯಾರ ಕೈಯಿಂದ ಯಾರ ಕೈಗೆ ಹೋದವೋ, ಒಂದು ಹಾಳೆ ಪತ್ರಿಕೆಯ ಕಚೇರಿಯನ್ನೇ ತಲುಪಿತು. ತಾವು ಅಚ್ಚು ಹಾಕಿದ ಲೇಖನ, ಬರೆದವರ ಹೆಸರಿಲ್ಲ, ಪತ್ರಿಕೆಯ ಹೆಸರಿಲ್ಲ, ಕೆಳಗೆ ಯಾವನೋ ದೊಡ್ಡಬಳ್ಳಾಪುರದವನ ಹೆಸರು! ಅವರು ಏನೆಂದುಕೊಳ್ಳಬೇಕು? ಊರು ಗೊತ್ತಾದ ಮೇಲೆ ಆ ಎರಡಕ್ಷರದ ಮೇಷ್ಟರನ್ನು ಹುಡುಕುವುದು ದೊಡ್ಡ ಕೆಲಸವಲ್ಲ. ಹೆಡ್ ಮಾಸ್ಟರಿಗೆ ಕಾಗದ ಬಂತು.

ಹೆಡ್ ಮಾಸ್ಟರು ಕೆಟ್ಟವರಲ್ಲ, ಹೆದರುವವರು. "ಊರೆಲ್ಲ ಪೊಲೀಸರು ಚಳವಳಿಯೋರ ಕರಪತ್ರ ಹುಡುಕ್ತಿರೋ ಕಾಲದಲ್ಲಿ ನೀವು ನನ್ನ ಸ್ಕೂಲಿನ ತಟ್ಟೇಲಿ ಪ್ರತಿ ತೆಗೀತೀರಲ್ರೀ! ಅದೂ ಇನ್ನೊಬ್ಬರು ಬರೆದದ್ದಕ್ಕೆ ನಿಮ್ಮ ಹೆಸರು ಹಾಕ್ಕೊಂಡು!" ಎಂದು ತಟ್ಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪತ್ರಿಕೆಯವರು ಒಪ್ಪುವ ತನಕ ಪ್ರತಿಯೂ ಇಲ್ಲ, ಭಾನುವಾರದ ಗುಂಪೂ ಇಲ್ಲ, ಎಂದರು. ಮಗ್ಗದ ಗುರುತಿನ ವಿಷಯ ವಿವರಿಸಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕಳ್ಳ ಎನ್ನಿಸಿಕೊಂಡದ್ದಕ್ಕಿಂತ ಭಾನುವಾರ ಹೋಯಿತಲ್ಲ ಎಂಬುದೇ ನನಗೆ ದೊಡ್ಡ ಸಂಕಟವಾಯಿತು. ಆ ವಾರ ಬಂದ ಹುಡುಗರನ್ನು ಬಾಗಿಲಿನಿಂದಲೇ ಕಳಿಸಿ, ಕದ ಹಾಕಿಕೊಂಡು ಮಲಗಿದೆ. ಮನೆಯಾಕೆ ಹಣಕಿ ಊಟ ಆಯಿತಾ ಎಂದಾಗ ಆಯಿತು ಎಂದೆ. ಆಗಿರಲಿಲ್ಲ.

ಮುಂದಿನ ಶನಿವಾರ ರಜೆ ಹಾಕಿ ಬೆಂಗಳೂರಿನ ರೈಲು ಹತ್ತಿದೆ. ಒಪ್ಪಿಗೆ ತರದೆ ಊರಿಗೆ ಕಾಲಿಡಬಾರದು ಎಂದುಕೊಂಡಿದ್ದೆ.

ಸಂಪಾದಕರು ಅಚ್ಚಿನ ಕರಡು ತಿದ್ದುತ್ತಿದ್ದರು. ನಾನು ಇಂಥವನೆಂದು ಹೇಳಿದ ಕೂಡಲೇ ಕನ್ನಡಕದ ಮೇಲಿಂದ ನೋಡಿ, "ಓಹೋ, ನಮ್ಮ ಲೇಖನಗಳ ಕರ್ತೃಗಳು! ಕೂತ್ಕೊಳ್ಳಿ" ಎಂದರು. ನನಗೆ ಉರಿದುಹೋಯಿತು. ದುಡ್ಡಿಗೆ ಮಾರಿಲ್ಲ, ಪುಸ್ತಕ ಸಿಗದ ವಿದ್ಯಾರ್ಥಿಗಳಿಗೆ ಕೊಟ್ಟಿದ್ದೇನೆ, ವಿದ್ಯಾದಾನ ತಪ್ಪೇ, ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ತಪ್ಪು ಅಂತ ನಾನೆಲ್ಲಿ ಅಂದೆ? ಸ್ವಲ್ಪ ಸಮಾಧಾನವಾಗಿ ಕೇಳಿ. ನಿನ್ನೆ ನೆಲಮಂಗಲದಲ್ಲಿ ಮಳೆ ಬಂತು ಅಂತ ನಾವು ಹಾಕಿದ್ವಿ ಅನ್ನಿ, ಆ ಸುದ್ದಿ ಯಾರಪ್ಪನ ಸ್ವತ್ತೂ ಅಲ್ಲ. ಆದ್ರೆ ಲೇಖನ ಹಾಗಲ್ಲ, ಒಬ್ಬರು ಕೂತು ಬರೆದದ್ದು. ಓದೋದಕ್ಕೆ ಅಪ್ಪಣೆ ಬೇಡ. ಹುಡುಗ ತನ್ನ ಓದಿಗೆ ಅಂತ ಕೈಯಲ್ಲಿ ಬರ್ಕೊಂಡ್ರೆ ಯಾರೂ ಕೇಳೋದಿಲ್ಲ. ನಾಲ್ಕು ಸಾಲು ಎತ್ತಿ, ಇಂಥವರು ಹೇಳಿದ್ದು ಅಂದ್ರೂ ತಕರಾರಿಲ್ಲ. ನೀವು ಮಾಡಿರೋದು ಇಡೀ ಲೇಖನದ ರಾಶಿ ಪ್ರತಿ. ಅದು ಅಚ್ಚು ಹಾಕಿದ ಲೆಕ್ಕವೇ. ದುಡ್ಡು ತಗೊಳ್ಳದಿದ್ರೆ ಪಾಪ ಕಡಿಮೆಯಾಗ್ಬಹುದು, ಹಕ್ಕು ನಿಮ್ಮದಾಗೋದಿಲ್ಲ."

ಮಾತಿನಲ್ಲಿ ನ್ಯಾಯವಿತ್ತು. ನ್ಯಾಯವಿದ್ದದ್ದರಿಂದ ಇನ್ನಷ್ಟು ಸಿಟ್ಟು ಬಂತು. ಆದರೂ ಧ್ವನಿ ಇಳಿಸಿ, ಹಾಗಾದರೆ ನೀವೇ ಅಪ್ಪಣೆ ಕೊಡಿ, ಎಂದೆ.

"ನಂದಾಗಿದ್ರೆ ಈಗ್ಲೇ ಕೊಡ್ತಿದ್ದೆ. ನಾವು ತಗೊಂಡಿರೋದು ಒಂದು ಸಲ ಅಚ್ಚು ಹಾಕೋ ಹಕ್ಕು ಮಾತ್ರ. ಮಿಕ್ಕದ್ದು ಬರೆದವರದ್ದೇ. ಅವರು ಹೂಂ ಅಂದ್ರೆ ನಮ್ಮದೇನೂ ಅಡ್ಡಿಯಿಲ್ಲ ಅಂತ ನಿಮ್ಮ ಹೆಡ್ ಮಾಸ್ಟರಿಗೆ ಬರೀತೀನಿ. ಹೋಗಿ ಕೇಳಿ, ಮಲ್ಲೇಶ್ವರದಲ್ಲೇ ಇದಾರೆ."

ಮಲ್ಲೇಶ್ವರದ ಮನೆಯ ಬಾಗಿಲು ತೆರೆದವರು ಸ್ವತಃ ಲೇಖನ ಬರೆದ ಆ ಹಿರಿಯರೇ. ಶಾಲು ಹೊದ್ದಿದ್ದರು. ಒಳಗೆ ಎರಡು ಕುರ್ಚಿ. ಒಂದರ ಮೇಲೆ ಪುಸ್ತಕ ಪೇರಿಸಿತ್ತು. ಆ ಕುರ್ಚಿಯಲ್ಲಿ ಯಾರೂ ಕೂತು ಎಷ್ಟು ಕಾಲವಾಗಿತ್ತೋ. ಅವರು ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ನೆಲದ ಮೇಲಿಟ್ಟು ನನ್ನನ್ನು ಕೂರಿಸಿದರು. ನಾನು ನೇರಳೆ ಶಾಯಿಯ ಒಂದು ಹಾಳೆಯನ್ನು ಅವರ ಕೈಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಓದಿದರು. ಪೆನ್ಸಿಲು ತೆಗೆದುಕೊಂಡು, ನಾನು ನಕಲು ಮಾಡುವಾಗ ಬಿಟ್ಟುಹೋಗಿದ್ದ ಒಂದು ಮಾತನ್ನು ಸೇರಿಸಿದರು. ಕೆಳಗಿನ ಎರಡಕ್ಷರದ ಮೇಲೆ ಬೆರಳಿಟ್ಟು, "ಇದು?" ಎಂದರು.

ಗುರುತಿನ ಕಥೆ ಹೇಳಿದೆ. ಅವರು ಕೆಮ್ಮು ಬರುವಷ್ಟು ನಕ್ಕರು.

"ಸರಿ ಬಿಡಿ! ನೂಲು ನಂದು, ನೇಯ್ದೋರು ನೀವು. ಎಳೆ ಬಿಟ್ರೆ ಜನ ನಿಮ್ಮ ಮನೆಗೇ ಬಂದು ಬೈತಾರೆ, ನಾನು ಪಾರು."

ಆಮೇಲೆ ನಗು ನಿಲ್ಲಿಸಿ ಕೇಳಿದರು. "ಓದ್ತಾರಾ? ನಿಜವಾಗ್ಲೂ?"

ಆ ಪ್ರಶ್ನೆಯನ್ನು ಅವರು ಕೇಳಿದ ರೀತಿ ನನಗೆ ಗೊತ್ತಿದ್ದ ರೀತಿ. ಓದುತ್ತಾರೆ, ಜಗಳವಾಡುತ್ತಾರೆ, ನೂಲಿನ ಕ್ಯೂನಲ್ಲಿ ನೀವು ನಿಲ್ಲಬೇಕು ಎನ್ನುತ್ತಾರೆ, ಎಂದೆ. ಅವರ ಮುಖ ಅರಳಿತು. ಇಷ್ಟು ದಿನ ಬರೆದೆ, ಒಬ್ಬರಾದರೂ ಒಂದು ಮಾತು ಹೇಳಿರಲಿಲ್ಲ, ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದ ಹಾಗಾಗಿತ್ತು, ಎಂದರು. ಅವರು ಷರತ್ತು ಹಾಕಿದ್ದು ಕಷ್ಟದ್ದೇನಲ್ಲ. ಮಾರಕೂಡದು. ಯಾರು ಬರೆದದ್ದು, ಯಾವ ಪತ್ರಿಕೆಯಲ್ಲಿ ಬಂದದ್ದು ಎಂದು ಮೇಲೆ ಹಾಕಬೇಕು. ಓದುವ ಹುಡುಗರಿಗೆ ಮಾತ್ರ ಕೊಡಬೇಕು. "ನಿಮ್ಮ ಗುರುತನ್ನೂ ಬಿಡ್ಬೇಡಿ" ಎಂದು ಸೇರಿಸಿದರು. ಸಂಪಾದಕರಿಗೆ ಎರಡು ಸಾಲು ಬರೆದೂ ಕೊಟ್ಟರು.

ನಾನು ಗೆದ್ದಿದ್ದೆ. ಎದ್ದು ಕೈ ಮುಗಿದೆ. ಆಗ ಅವರು ಕೇಳಿದರು, "ಆ ಹುಡುಗರು ಎಲ್ಲಿರೋದು? ಎಲ್ಲಾ ದೊಡ್ಡಬಳ್ಳಾಪುರದಲ್ಲೇನಾ?"

ಹೌದು ಎಂದುಬಿಡಬಹುದಿತ್ತು. ಹುಡುಗರ ಊರು ಅದೇ ತಾನೆ, ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆ ಮುಖ ನೋಡಿಕೊಂಡು ಬಾಯಿ ಬರಲಿಲ್ಲ. ವಾರವೆಲ್ಲ ಇಲ್ಲೇ ಹಾಸ್ಟೆಲಿನಲ್ಲಿರುತ್ತಾರೆ, ಎಂದೆ.

"ಯಾವ ಹಾಸ್ಟೆಲ್?"

ಹೇಳಿದೆ.

"ಅಯ್ಯೋ, ಅದು ಇಲ್ಲೇ, ಹಿಂದಿನ ರಸ್ತೆ! ಹಾಗಿದ್ರೆ ಪಾಪ, ಪ್ರತಿ ಯಾಕೆ ಮಾಡ್ತೀರಿ? ಕಳಿಸಿ ಅವರನ್ನ. ನಾನೇ ಹೇಳ್ತೀನಿ. ಭಾನುವಾರ ಬರ್ಲಿ, ನಾನು ಎಲ್ಲಿಗೂ ಹೋಗೋದಿಲ್ಲ. ಕಳಿಸ್ತೀರಾ?"

"ಕಳಿಸ್ತೀನಿ" ಎಂದೆ. ಆ ಮಾತು ಆಡುವಾಗಲೇ ನನ್ನ ಭಾನುವಾರ ಹೋಯಿತೆಂದು ಗೊತ್ತಾಯಿತು. ಮುದುಕರ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ, ಗೇಟಿನವರೆಗೂ ಬಂದು ನನ್ನ ಕೈ ಹಿಡಿದುಕೊಂಡು ನಿಂತಿದ್ದಾರೆ. ಅಲ್ಲಿಂದ ಸ್ಟೇಷನ್ನಿಗೆ ನಡೆಯುವಾಗ ನನ್ನ ಮೇಲೂ ಕೋಪ ಬರಲಿಲ್ಲ. ಬರೀ ಸುಸ್ತಾಗಿತ್ತು.

ಮಾರನೆಯ ದಿನ ಹುಡುಗರಿಗೆ ಹೇಳಿದೆ. ಒಪ್ಪಿಗೆ ಸಿಕ್ಕಿತೆಂದಾಗ ಚಪ್ಪಾಳೆ ತಟ್ಟಿದರು. ಬರೆದವರೇ ಕರೆದಿದ್ದಾರೆಂದಾಗ ಚಪ್ಪಾಳೆ ನಿಂತಿತು. ಅವರಿಗೆ ನಂಬಿಕೆ ಬರಲಿಲ್ಲ. ಎತ್ತರದ ಹುಡುಗ ಮಾತ್ರ ನನ್ನನ್ನೇ ನೋಡಿದ.

"ಒಂದು ಭಾನ್ವಾರ ಅಲ್ಲಿ, ಒಂದು ಭಾನ್ವಾರ ಇಲ್ಲಿ ಮಾಡ್ಕೊತೀವಿ ಸಾರ್."

"ಹಾಗೇ ಮಾಡಿ" ಎಂದೆ.

ಅವರು ಹಾಗೇ ಮಾಡಿದರು ಕೂಡ, ಸ್ವಲ್ಪ ದಿನ. ಹುಡುಗರು ಕೃತಘ್ನರಲ್ಲ. ಆದರೆ ಲೇಖನ ಬರೆದವರೇ ಎದುರಿಗೆ ಕೂತು ಹೇಳುವಾಗ, ಲೇಖನ ಓದಿ ಹೇಳುವವನ ಹತ್ತಿರ ಬರುವುದಕ್ಕೆ ಯಾರು ರೈಲು ಹತ್ತುತ್ತಾರೆ? ನಾನಾಗಿದ್ದರೂ ಹತ್ತುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂತು. ಶನಿವಾರ ಊರಿಗೆ ಬರುವುದನ್ನೇ ಒಬ್ಬೊಬ್ಬರಾಗಿ ಬಿಟ್ಟರು. ಬಂದವರು ದಾರಿಯಲ್ಲಿ ಸಿಕ್ಕಿದಾಗ ನಿಂತು ಮಾತಾಡಿಸುತ್ತಿದ್ದರು, ಸಾರ್, ಸ್ವಲ್ಪ ಇಳಿದುಹೋಗಿದ್ದೀರಿ ಎನ್ನುತ್ತಿದ್ದರು. ಅವರು ಮಲ್ಲೇಶ್ವರದಲ್ಲಿ ಏನೇನು ಕೇಳಿ ಬಂದರೋ ಅದನ್ನು ಕೇಳಬೇಕೆಂದು ನನಗೆ ಬಹಳ ಆಸೆಯಾಗುತ್ತಿತ್ತು. ಹೊಟ್ಟೆಕಿಚ್ಚು ಬಿಡುತ್ತಿರಲಿಲ್ಲ.

ಸಂಪಾದಕರ ಕಾಗದ ಬಂದ ಮೇಲೆ ಹೆಡ್ ಮಾಸ್ಟರು ತಾವೇ ಬೀರು ತೆಗೆದು ತಟ್ಟೆ ಕೊಟ್ಟಿದ್ದರು. "ಇನ್ನು ಧಾರಾಳವಾಗಿ ತೆಗೀರಿ" ಎಂದಿದ್ದರು. ಕೊಟ್ಟ ಮಾತಿಗೆ ತಪ್ಪಬಾರದೆಂದು ನಾನು ಪ್ರತಿ ಶನಿವಾರ ತೆಗೆಯುತ್ತಲೇ ಇದ್ದೆ, ಈ ಸಲ ಎಲ್ಲವೂ ಕ್ರಮಬದ್ಧವಾಗಿ. ಮೇಲೆ ಬರೆದವರ ಹೆಸರು, ಪತ್ರಿಕೆಯ ಹೆಸರು, ಲೇಖಕರ ಅನುಮತಿಯಿಂದ ಎಂಬ ಒಂದು ಸಾಲು. ಅಷ್ಟು ಚೆಂದದ ಪ್ರತಿಗಳು ಮೊದಲೆಂದೂ ಬಂದಿರಲಿಲ್ಲ.

ಒಂದು ಭಾನುವಾರ ಅವನ್ನು ಜಮಖಾನದ ಮೇಲೆ ಜೋಡಿಸಿಟ್ಟು ಕಾದೆ. ಯಾರೂ ಬರಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ, ಇನ್ನೇನು ಮಾಡುವುದೆಂದು, ಒಂದು ಹಾಳೆ ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದೆ. ಬ್ಯಾಂಕುಗಳ ಮೇಲಿನ ಲೇಖನ, ಒಳ್ಳೆಯ ಲೇಖನ. ಪೂರ್ತಿ ಓದಿದೆ. ಮುಗಿಸಿ, ತಲೆ ಎತ್ತದೆ, "ಏನಾದ್ರೂ ಕೇಳೋದಿದ್ರೆ ಕೇಳಿ" ಎಂದೆ.

ಮಗ್ಗ ನಿಂತಿತು. ಮನೆಯಾಕೆ ಬಾಗಿಲಿಗೆ ಬಂದು ಕೋಣೆಯೊಳಗೆಲ್ಲ ಕಣ್ಣಾಡಿಸಿದರು.

"ಯಾರ್ ಜೊತೆ ಮಾತಾಡ್ತಿದ್ರಿ ಮೇಷ್ಟ್ರೇ? ಹುಡುಗ್ರು ಬಂದಿದ್ರಾ?"

"ಇಲ್ಲಮ್ಮ."

"ಯಾಕೆ, ಪೇಪರ್ನೋರು ಇನ್ನೂ ಒಪ್ಪಲಿಲ್ವಾ?"

"ಒಪ್ಪಿದ್ರಮ್ಮ" ಎಂದೆ. "ಪೂರ್ತಿ ಒಪ್ಕೊಂಡ್ಬಿಟ್ರು."